ಸಜ್ಜುಗೊಳಿಕೆ ಕೆಟ್ಟಾಗ ಏನು ನೋಡಬೇಕು?

ಮಾನ್ಯ ಸಂಪಾದಕರೇ,

ಆನ್ಸಿಬಲ್, ಪಪೆಟ್, ಶೆಫ್‌ನಂತಹ ಸಾಧನಗಳಿಂದ ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರುಗಳನ್ನು) ತಾನಾಗಿ ಸಜ್ಜುಗೊಳಿಸುವ, ಅಂದರೆ ಬೇಕಾದ ತಂತ್ರಾಂಶ ಹಾಕಿ ಹೊಂದಿಸುವ ಬಗ್ಗೆ ಬರುವ ಲೇಖನಗಳು ಹೆಚ್ಚಾಗಿ ಅನುಕೂಲಗಳನ್ನಷ್ಟೇ ಹೇಳಿ, ಕೆಲಸ ಅರ್ಧಕ್ಕೆ ನಿಂತಾಗ ಏನನ್ನು ನೋಡಬೇಕೆಂಬುದನ್ನು ಬಿಟ್ಟುಬಿಡುತ್ತವೆ.

ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಒಳಹೋಗುವ) ಸಂಪರ್ಕ ಸಿಕ್ಕಿತೆಂದ ಮಾತ್ರಕ್ಕೆ ಅದು ಸಿದ್ಧವಾಗಿದೆ ಎಂದು ತಿಳಿಯಬಾರದು. ಉಬುಂಟು ಯಂತ್ರ ಮೊದಲ ಬಾರಿ ಬೂಟ್ ಆಗುವಾಗ ಕ್ಲೌಡ್-ಇನಿಟ್ (ಆರಂಭಿಕ ಹೊಂದಿಕೆ ಮಾಡುವ ತಂತ್ರಾಂಶ) ಅಥವಾ ಸ್ವಯಂಚಾಲಿತ ಅಪ್‌ಡೇಟ್ ಡಿಪಿಕೆಜಿ ಲಾಕನ್ನು (ಒಮ್ಮೆಗೆ ಒಬ್ಬರೇ ಪ್ಯಾಕೇಜ್ ಹಾಕುವಂತೆ ತಡೆಯುವ ಬೀಗವನ್ನು) ಹಿಡಿದುಕೊಂಡಿದ್ದರೆ, ಅದೇ ಹೊತ್ತಿಗೆ ಪ್ಯಾಕೇಜ್ ಹಾಕಲು ಹೊರಟ ಆನ್ಸಿಬಲ್ ಪ್ಲೇಬುಕ್ (ಕೆಲಸಗಳ ಪಟ್ಟಿಯಿರುವ ಕಡತ) ಲಾಕ್ ಸಿಗದೆ ವಿಫಲವಾಗಬಹುದು. ಸ್ವಲ್ಪ ತಡೆದು ಮತ್ತೆ ಓಡಿಸಿದರೆ ಸರಿಹೋಗುವುದರಿಂದ ಅನೇಕರು ಕಾರಣ ಹುಡುಕುವ ಗೋಜಿಗೇ ಹೋಗುವುದಿಲ್ಲ. 'ಕ್ಲೌಡ್-ಇನಿಟ್ ಸ್ಟೇಟಸ್ --ವೇಟ್' ಆದೇಶವನ್ನು ಮೊದಲ ಹೆಜ್ಜೆಯಾಗಿಟ್ಟು, ಲಾಕಿಗಾಗಿ ಕಾಯುವ ಅವಧಿಯನ್ನೂ ಹೆಚ್ಚಿಸುವುದು ಮೇಲು.

ವರ್ಚುವಲ್ ಯಂತ್ರಗಳನ್ನು ಸೃಷ್ಟಿಸಿ ನಡೆಸುವ ಸಾಧನವಾದ ವೇಗ್ರಂಟ್‌ನದು ಬೇರೆಯೇ ಕಥೆ. ಅದರಲ್ಲಿ ಪ್ರಾವಿಷನಿಂಗ್ (ಸಜ್ಜುಗೊಳಿಕೆ) ಸಾಮಾನ್ಯವಾಗಿ ಮೊದಲ 'ವೇಗ್ರಂಟ್ ಅಪ್'ನಲ್ಲಿ ಮಾತ್ರ ನಡೆಯುವುದರಿಂದ, ಆಮೇಲೆ ಸ್ಕ್ರಿಪ್ಟ್ ತಿದ್ದಿದವರು 'ವೇಗ್ರಂಟ್ ಪ್ರಾವಿಷನ್' ಎಂದು ಪ್ರತ್ಯೇಕವಾಗಿ ಹೇಳದಿದ್ದರೆ ಬದಲಾವಣೆ ಕಾಣುವುದಿಲ್ಲ. ಇದನ್ನು ಸಾಧನದ ದೋಷವೆಂದು ದೂರುವುದು ಅನ್ಯಾಯ. ಪಪೆಟ್‌ನಲ್ಲಿ ಯಂತ್ರದ ಗಡಿಯಾರ ಹಿಂದೆಮುಂದಾಗಿದ್ದರೆ ಯಂತ್ರದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ಪರಿಶೀಲನೆಯೇ ವಿಫಲವಾಗಬಹುದು, ಆದರೆ ಜನ ನೆಟ್‌ವರ್ಕನ್ನು ತಡಕಾಡುತ್ತಾರೆ.

ಹೊಸ ಸಾಧನಗಳ ಪರಿಚಯದ ಜೊತೆಗೆ, ಆನ್ಸಿಬಲ್‌ನ '-ವಿವಿವಿ' ಆಯ್ಕೆಯಿಂದ ದೊರೆಯುವ ವಿವರವಾದ ಲಾಗನ್ನು (ಕೆಲಸದ ದಾಖಲೆಯನ್ನು) ಸಾಲುಸಾಲಾಗಿ ಓದುವ ಕ್ರಮವನ್ನೂ ತಮ್ಮ ತಂತ್ರಜ್ಞಾನ ಪುಟದಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಸಿಸ್ಟಂ ನಿರ್ವಾಹಕ