ಎಡಕುಮೇರಿಗೆ ಹೊರಟ ಮಗನಿಗೆ

ಅರಸೀಕೆರೆ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನನ್ನು ಎಡಕುಮೇರಿಗೆ ಸ್ಟೇಷನ್ ಮಾಸ್ಟರ್ ಆಗಿ ಹಾಕಿದ್ದಾರೆಂದು ನಿನ್ನಪ್ಪ ತಿಳಿಸಿದ. ರಸ್ತೆ ಇಲ್ಲ, ಹತ್ತುವವರಿಲ್ಲ, ಇಳಿಯುವವರಿಲ್ಲ ಎಂದು ನೀನು ಈಗಲೇ ವರ್ಗಾವಣೆಗೆ ಓಡಾಡುತ್ತಿರುವುದನ್ನೂ ಹೇಳಿದ. ಓಡಾಟವನ್ನು ಒಂದು ಮಳೆಗಾಲದ ಮಟ್ಟಿಗಾದರೂ ಮುಂದೂಡು.

ಹತ್ತುವವರಿಗಾಗಿ ಕಟ್ಟಿದ ನಿಲ್ದಾಣ ಅದಲ್ಲ. 1979ರಲ್ಲಿ ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜಿನಲ್ಲಿ ತೆರೆದಾಗಲೂ, ಹಳಿ ಅಗಲವಾಗಿ ಬ್ರಾಡ್ ಗೇಜಿಗೆ ಬದಲಾದ ಮೇಲೆ 2006ರಲ್ಲಿ ಗೂಡ್ಸ್ ಗಾಡಿಗಳು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದಾಗಲೂ ಅದರ ಕೆಲಸ ಒಂದೇ ಆಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನ ಘಾಟಿಯಲ್ಲಿ 57 ಸುರಂಗಗಳಿವೆ, ಐವತ್ತಡಿಗೆ ಒಂದಡಿ ಏರಿದೆ. ಇರುವುದು ಒಂದೇ ಹಳಿ. ಬಂದರಿನ ಕಲ್ಲಿದ್ದಲು, ಗೊಬ್ಬರ ಹೊತ್ತು ಏರಿನಲ್ಲಿ ತಳ್ಳಲು ಹೆಚ್ಚುವರಿಯಾಗಿ ಜೋಡಿಸುವ ಬ್ಯಾಂಕರ್ ಇಂಜಿನ್ನುಗಳ ಬಲದಿಂದ ಮೇಲೆ ಬರುವ ಗಾಡಿಗೂ ಕೆಳಗಿಳಿಯುವ ಗಾಡಿಗೂ ಕ್ರಾಸಿಂಗ್ ಆಗಲು ಕಾಡಿನ ನಡುವೆ ಎಲ್ಲಾದರೂ ಜಾಗ ಬೇಕಲ್ಲ, ಅದಕ್ಕಾಗಿ ಎಡಕುಮೇರಿ ಇದೆ.

ಮುಖ್ಯವಾಗಿ ಹೇಳಬೇಕೆಂದಿರುವುದು ಹಳಿ ಕಾಯುವವರ ವಿಷಯ. ಮಳೆ ಹಿಡಿದ ಮೇಲೆ ಪ್ಯಾಟ್ರೋಲ್‌ಮನ್ ಕೈದೀಪ, ಬಾವುಟ, ಸೀಟಿ, ಹಳಿಯ ಮೇಲಿಟ್ಟರೆ ಗಾಲಿಯಡಿ ಸಿಡಿದು ಚಾಲಕನನ್ನು ಎಚ್ಚರಿಸುವ ಡಿಟೋನೇಟರುಗಳನ್ನು ಹೊತ್ತು ರಾತ್ರಿಯೆಲ್ಲ ತನ್ನ ಬೀಟಿನಲ್ಲಿ ನಡೆದು, ನಿಲ್ದಾಣಕ್ಕೆ ಬಂದು ಪುಸ್ತಕಕ್ಕೆ ನಿನ್ನ ಸಹಿ ಕೇಳುತ್ತಾನೆ. ತಲೆಯೆತ್ತದೆ ಸಹಿ ಹಾಕಿ ಕಳುಹಿಸುವ ಮಾಸ್ಟರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನೀನು ಹಾಗೆ ಮಾಡಬೇಡ. ಅವನನ್ನು ಕೂರಿಸಿ, ಬಿಸಿ ಚಹಾ ಕೊಟ್ಟು, ಗುಡ್ಡ ಕಡಿದು ಹಳಿ ಹಾಕಿದ ಕಟಿಂಗಿನ ಚರಂಡಿಯಲ್ಲಿ ನೀರು ತಿಳಿಯಾಗಿದೆಯೇ ಕೆಂಪಾಗಿದೆಯೇ, ನಿನ್ನೆ ಒಣಗಿದ್ದ ಕಡೆ ಇಂದು ಒರತೆ ಎದ್ದಿದೆಯೇ, ಸುರಂಗದ ಬಾಯಲ್ಲಿ ಹೊಸ ಕಲ್ಲು ಉರುಳಿದೆಯೇ ಎಂದು ಕೇಳು. ನೀರು ಕೆಂಪಾಗಿದೆ ಎಂದರೆ ಮೇಲೆ ಎಲ್ಲೋ ಮಣ್ಣು ಸಡಿಲವಾಗುತ್ತಿದೆ ಎಂದರ್ಥ. ಬರಬೇಕಾದ ಹೊತ್ತು ಕಳೆದು 15 ನಿಮಿಷವಾದರೂ ಅವನು ಬಾರದಿದ್ದರೆ, ಹಳಿಗೆ ಏನೋ ಆಗಿದೆಯೆಂದೇ ತಿಳಿದು, ಆ ಕಡೆಗೆ ಹೋಗುವ ಗಾಡಿಯನ್ನು ನಿಲ್ಲಿಸಿ, ಲೋಕೋ ಪೈಲಟ್‌ಗೆ ಎಚ್ಚರದಿಂದ ಓಡಿಸೆಂಬ ಕಾಷನ್ ಆರ್ಡರ್ ಚೀಟಿ ಕೊಟ್ಟು, ಪ್ಯಾಟ್ರೋಲ್‌ಮನ್‌ನನ್ನು ಹುಡುಕಲು ಆಳು ಕಳುಹಿಸಬೇಕು. ನಿಯಮವೇ ಹಾಗಿದೆ. ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಕಚೇರಿಯಿಂದ ‘ಗಾಡಿ ಯಾಕೆ ನಿಂತಿದೆ’ ಎಂಬ ಗದರಿಕೆ ಬಂದೇ ಬರುತ್ತದೆ. ಕಾರಣ ಹೇಳಿ, ಸಮಯ ಬರೆದಿಟ್ಟುಕೊಂಡು ಸುಮ್ಮನಿರು. 2024ರ ಜುಲೈ ಕೊನೆಯಲ್ಲಿ ನಿನ್ನ ನಿಲ್ದಾಣಕ್ಕೂ ಕಡಗರವಳ್ಳಿಗೂ ನಡುವೆ ಗುಡ್ಡ ಕುಸಿದು ಹಲವು ದಿನ ಸಂಚಾರವೇ ನಿಂತಿದ್ದನ್ನು ಗದರಿಸುವವರೂ ಬಲ್ಲರು.

ಪಕ್ಕದ ನಿಲ್ದಾಣದೊಡನೆ ಪ್ರೈವೇಟ್ ನಂಬರ್, ಅಂದರೆ ಫೋನಿನಲ್ಲಿ ಆಡಿದ ಮಾತನ್ನು ಖಚಿತಪಡಿಸುವ ಗುಟ್ಟಿನ ಅಂಕಿ, ವಿನಿಮಯ ಮಾಡುವಾಗ, ಎಷ್ಟೇ ನಿದ್ದೆಗಣ್ಣಾಗಿರಲಿ, ಅಂಕಿಯನ್ನು ಕೇಳಿ, ಬರೆದು, ತಿರುಗಿ ಹೇಳು; ಬಳಸಿದ ನಂಬರನ್ನು ಹಾಳೆಯಲ್ಲಿ ಆ ಕ್ಷಣವೇ ಹೊಡೆದುಹಾಕು. ‘ಆಮೇಲೆ ಬರೆಯೋಣ’ ಎಂಬ ಮಾತು ರಾತ್ರಿ ಪಾಳಿಯಲ್ಲಿ ಬೇಡ.

ಹಳಿಯ ಮೇಲೆ ನಡೆದು ಸುರಂಗ ನೋಡಲು ಬರುವ ಹುಡುಗರ ಕಾಟ ಇನ್ನೊಂದು. ಅಲ್ಲಿ ಚಾರಣ ನಿಷಿದ್ಧ, ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ ಆಗಬಹುದು. ಆದರೂ ಸಂಜೆ ಹೊತ್ತಿಗೆ ಸುಸ್ತಾಗಿ ಬಂದು ನಿಂತವರನ್ನು ಬೈದು ಕತ್ತಲಲ್ಲಿ ಅದೇ ಹಳಿಯ ಮೇಲೆ ಹಿಂದಕ್ಕೆ ಅಟ್ಟಬೇಡ. ಆನೆ ತಿರುಗುವ ಕಾಡು ಅದು. ರೈಲ್ವೆ ಪೊಲೀಸರಿಗೆ ತಿಳಿಸಿ, ಅವರು ಹೇಳುವವರೆಗೆ ಕಣ್ಣೆದುರು ಕೂರಿಸಿಕೋ. ನೀರು ಕೇಳಿದರೆ ಕೊಡು, ಉಪದೇಶ ಬೇಡ.

ಬೇಳೆ, ಅಕ್ಕಿ, ಬೆಂಕಿಪೊಟ್ಟಣಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡು, ಇಲ್ಲದಿದ್ದರೆ ಜುಲೈ ಹೊತ್ತಿಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಹತ್ತಿರವಿರಲಿ. ಫೋನು ಸಿಗದ ದಿನ ಗಾಬರಿಯಾಗಬಾರದೆಂದು ನಿನ್ನ ಅಮ್ಮನಿಗೆ ಮೊದಲೇ ಹೇಳಿಡು. ನಾನು ಹೇಳಿದರೆ ಅವಳು ನಂಬುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ