ಯಕ್ಷಗಾನ ಧ್ವನಿಮುದ್ರಣಗಳ ಕಳವು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸವಿನಯ ನಮಸ್ಕಾರಗಳು.

ಹೊನ್ನಾವರದ ಕಡೆಯೋ ಸಿದ್ದಾಪುರದ ಕಡೆಯೋ ಬೆಳಗಿನ ಜಾವ ಆಟ ಮುಗಿದು ಮೇಳದವರು ಚೌಕಿಯಲ್ಲಿ ಬಣ್ಣ ತೆಗೆಯುವಷ್ಟರಲ್ಲಿ, ಆ ರಾತ್ರಿಯ ಪದ್ಯಗಳು ಅಂತರ್ಜಾಲದಲ್ಲಿ ಇರುತ್ತವೆ. ರಂಗಸ್ಥಳದ ಎದುರು ಮೊಬೈಲ್ ನಿಲ್ಲಿಸಿಕೊಂಡು ಕೂತವರಲ್ಲಿ ಹೆಚ್ಚಿನವರು ಅಭಿಮಾನಿಗಳು. ಅವರ ಮೇಲೆ ನಮ್ಮ ದೂರಿಲ್ಲ. ತಾನೇ ಕೇಳಲು ಅಥವಾ ಕಲಿಯಲು, ಕಲಿಸಲು ಮುದ್ರಿಸಿಕೊಂಡರೆ ಅದು ತಪ್ಪಲ್ಲ ಎಂದು ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 39ನೇ ಕಲಮೇ ಹೇಳುತ್ತದೆ. ತೊಂದರೆ ಶುರುವಾಗುವುದು ಮರುದಿನ. ಅದೇ ಮುದ್ರಣದಿಂದ ನಾಲ್ಕೈದು ನಿಮಿಷದ ಪದ್ಯಗಳನ್ನು ಕತ್ತರಿಸಿ, ಮೇಳದ ಹೆಸರನ್ನೂ ಮದ್ದಳೆ, ಚಂಡೆಯವರ ಹೆಸರನ್ನೂ ಕಿತ್ತು, ತಮ್ಮ ಚಾನೆಲ್ಲಿಗೆ ಏರಿಸಿ ಜಾಹೀರಾತಿನ ಹಣ ಎಣಿಸುವವರು ಬೇರೆ ಜನ.

ಇವರು ಸಿಕ್ಕಿಬೀಳದಿರಲು ಮಾಡುವ ಉಪಾಯವೊಂದಿದೆ. ಯೂಟ್ಯೂಬಿನ ಗುರುತು ಹಚ್ಚುವ ವ್ಯವಸ್ಥೆಯ ಕಣ್ಣು ತಪ್ಪಿಸಲು ಹಾಡಿನ ವೇಗವನ್ನು ಸ್ವಲ್ಪ ಹೆಚ್ಚಿಸುತ್ತಾರೆ. ಶೇಕಡಾ 6ರಷ್ಟು ವೇಗ ಹೆಚ್ಚಿದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನ ಮೇಲೇರುತ್ತದೆ, ತಾಳದ ನಡೆ ಕೆಡುತ್ತದೆ. ಇಂದು ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯುವ ಹುಡುಗರು ಕಿವಿಗೆ ಹಾಕಿಕೊಳ್ಳುತ್ತಿರುವುದು ಇಂಥ ಪದ್ಯಗಳನ್ನು. ಹಣದ ನಷ್ಟಕ್ಕಿಂತ ನಮಗೆ ಹೆಚ್ಚು ಸಂಕಟವಾಗುವುದು ಇದರಿಂದ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮಿನ ಪ್ರಕಾರ ಕಲಾವಿದನ ಹೆಸರು ಕೆಡುವಂತೆ ಪ್ರದರ್ಶನವನ್ನು ವಿರೂಪಗೊಳಿಸುವುದನ್ನು ಪ್ರಶ್ನಿಸುವ ಹಕ್ಕು ಕಲಾವಿದನಿಗೇ ಇದೆ. ಪ್ರಸಂಗದ ಕವಿ ತೀರಿಕೊಂಡು 60 ವರ್ಷ ಕಳೆದಿದ್ದರೆ ಪದ್ಯದ ಸಾಹಿತ್ಯ ಎಲ್ಲರದ್ದು, ನಿಜ. ಹಾಡಿದ್ದು ಹಾಗಲ್ಲ. ಪ್ರದರ್ಶನದ ಹಕ್ಕು 50 ವರ್ಷ ಇರುತ್ತದೆ. 2005ರ ಆಟದ ಹಕ್ಕು 2055ರ ಕೊನೆಯವರೆಗೆ ಉಳಿಯುತ್ತದೆ. ‘ಹಳೇ ಪ್ರಸಂಗ, ಯಾರೂ ಬಳಸಬಹುದು’ ಎನ್ನುವ ಮಾತು ನಮ್ಮ ಕಡೆ ಎಷ್ಟು ಹಬ್ಬಿದೆಯೆಂದರೆ ಎಷ್ಟೋ ಕಲಾವಿದರೂ ಅದನ್ನೇ ನಂಬಿದ್ದಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಕದ್ದ ಪದ್ಯವನ್ನು ಯಾರೋ ಒಬ್ಬರು ಹಾಡು ಹಂಚುವ ಆನ್‌ಲೈನ್ ಸಂಸ್ಥೆಯೊಂದರ ಮೂಲಕ ತಮ್ಮದೆಂದು ನೋಂದಾಯಿಸುತ್ತಾರೆ. ಯೂಟ್ಯೂಬಿನ ಗುರುತು ಹಚ್ಚುವ ವ್ಯವಸ್ಥೆಯಾದ ‘ಕಂಟೆಂಟ್ ಐಡಿ’ಗೂ ಸೇರಿಸಿ ಎಂದು ಗುರುತು ಹಾಕುತ್ತಾರೆ. ಆಮೇಲೆ ಮೇಳದವರು ತಮ್ಮದೇ ಆಟವನ್ನು ತಮ್ಮದೇ ಚಾನೆಲ್ಲಿಗೆ ಏರಿಸಿದರೆ, ಅದು ಬೇರೆಯವರ ಸ್ವತ್ತು ಎಂಬ ಸೂಚನೆ ಬರುತ್ತದೆ. ಜಾಹೀರಾತಿನ ಹಣವೂ ಆ ಕಡೆಗೆ ಹೋಗುತ್ತದೆ. ಐದು ದಿನದೊಳಗೆ ಆಕ್ಷೇಪಣೆ ಹಾಕಿದರೆ ಮೊದಲ ದಿನದಿಂದಲೇ ಹಣ ತಡೆಹಿಡಿಯಲ್ಪಡುತ್ತದೆ, ತಡವಾದರೆ ಆಕ್ಷೇಪಣೆ ಹಾಕಿದ ದಿನದಿಂದ ಮಾತ್ರ. ಉತ್ತರಿಸಲು ಎದುರಿನವರಿಗೆ 30 ದಿನ ಇರುತ್ತದೆ. ತಿರುಗಾಟದಲ್ಲಿ ರಾತ್ರಿ ಕುಣಿದು ಹಗಲು ಮಲಗುವ ಮೇಳದವರು ಈ ಐದು ದಿನವನ್ನು ಹಿಡಿಯುವುದು ಹೇಗೆ?

ದೂರು ಕೊಡುವ ಹಾದಿ ಇದೆ. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ಜಾಲತಾಣ ಕ್ರಮ ಕೈಗೊಳ್ಳಬೇಕು. ಆದರೆ ದೂರಿನಲ್ಲಿ ಕೃತಿಯ ವಿವರ, ಹಕ್ಕು ತಮ್ಮದೆನ್ನಲು ಆಧಾರ, ಪ್ರತಿಯೊಂದು ಕೊಂಡಿಯ ಪೂರ್ತಿ ವಿಳಾಸ, ಇವುಗಳ ಜೊತೆ 21 ದಿನದಲ್ಲಿ ನ್ಯಾಯಾಲಯದ ಆದೇಶ ತರುತ್ತೇವೆ ಎಂಬ ಮುಚ್ಚಳಿಕೆಯೂ ಇರಬೇಕು. ಚಾನೆಲ್ಲಿನ ಹೆಸರಷ್ಟೇ ಬರೆದು ಕಳಿಸಿದ ದೂರುಗಳು ಹೋದಷ್ಟೇ ವೇಗದಲ್ಲಿ ವಾಪಸು ಬರುತ್ತವೆ. ಆದೇಶ ಸಿಗದಿದ್ದರೆ 22ನೇ ದಿನ ಆ ಪದ್ಯ ಮತ್ತೆ ತೆರೆದುಕೊಳ್ಳಬಹುದು. ಕಾಯ್ದೆಯ 62ನೇ ಕಲಮಿನಂತೆ ಕಲಾವಿದ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಬೆಂಗಳೂರಿಗೆ ಹೋಗಬೇಕಿಲ್ಲ. ಇದನ್ನು ಅವರಿಗೆ ಯಾರಾದರೂ ಹೇಳಬೇಕಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಕಾರವಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ಈ ದೂರುಗಳನ್ನು ಬರೆದುಕೊಡುವ ಒಬ್ಬ ಸಿಬ್ಬಂದಿ ಮತ್ತು ಕಾನೂನು ಸೇವಾ ಪ್ರಾಧಿಕಾರದ ಒಬ್ಬ ವಕೀಲರು ಇರಬೇಕು. ಠಾಣೆಗಳಿಗೂ ಒಂದು ಸುತ್ತೋಲೆ ಹೋಗಲಿ. ಗೊತ್ತಿದ್ದೂ ಹಕ್ಕು ಉಲ್ಲಂಘಿಸುವ 63ನೇ ಕಲಮಿನ ಅಪರಾಧಕ್ಕೆ ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೋಂದಣಿ ಪತ್ರ ಇಲ್ಲ ಎಂಬ ಕಾರಣಕ್ಕೆ ದೂರುದಾರರನ್ನು ವಾಪಸು ಕಳಿಸುವಂತಿಲ್ಲ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಹಾಗೆಂದು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ತುಂಬಿಕೊಡುವ ಹುಡುಗನ ಮೇಲೆ ಗೂಂಡಾ ಕಾಯ್ದೆ ಹಾಕಬೇಕೆಂದು ನಾವು ಕೇಳುತ್ತಿಲ್ಲ. 16 ಜಿಬಿ ಕಾರ್ಡಿನಲ್ಲಿ ಮೂವತ್ತು ಇಡೀ ರಾತ್ರಿಯ ಆಟಗಳು ಎಂಪಿ3 ಆಗಿ ಹಿಡಿಸುತ್ತವೆ. ಒಳ್ಳೆಯ ಮುದ್ರಣ ನ್ಯಾಯವಾದ ಬೆಲೆಗೆ ಎಲ್ಲೂ ಸಿಗದಿರುವಾಗ ಜನ ಅಲ್ಲಿಗೇ ಹೋಗುತ್ತಾರೆ.

ಎರಡನೆಯದು, ಸರ್ಕಾರದ ಹಣದಲ್ಲಿ ನಡೆಯುವ ಪ್ರದರ್ಶನಗಳು. ಕರಾವಳಿ ಉತ್ಸವ, ಬನವಾಸಿಯ ಕದಂಬೋತ್ಸವ, ಇಲಾಖೆ ಪ್ರಾಯೋಜಿಸುವ ತಾಳಮದ್ದಳೆ, ಇವೆಲ್ಲದರ ಕಾರ್ಯಾದೇಶದ ಜೊತೆ ಒಂದು ಪುಟದ ಒಪ್ಪಂದ ಇರಲಿ: ಯಾರು ಮುದ್ರಿಸುತ್ತಾರೆ, ಎಲ್ಲಿ ಏರಿಸಬಹುದು, ಎಷ್ಟು ವರ್ಷ, ಬಂದ ಹಣದಲ್ಲಿ ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳಕ್ಕೆ (ವೇಷಧಾರಿಗಳು) ಎಷ್ಟೆಷ್ಟು. ವಿಡಿಯೋಗೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ಕಲಾವಿದ ಅದರ ಬಳಕೆಯನ್ನು ತಡೆಯುವುದು ಕಷ್ಟ, ಆದರೆ ವಾಣಿಜ್ಯ ಬಳಕೆಯ ರಾಯಧನ 38ಎ ಪ್ರಕಾರ ಅವನದ್ದೇ. ಆ ಸಾಲು ಒಪ್ಪಂದದಲ್ಲಿ ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ ಇರಬೇಕು.

ಮುದ್ರಣವನ್ನು ಮೈಕ್‌ಸೆಟ್‌ನವರ ಮಿಕ್ಸರಿನಿಂದಲೇ ತೆಗೆಯಬೇಕು. ಮೊಬೈಲಿನಲ್ಲಿ ತೆಗೆದರೆ ಚಂಡೆ ಬಿದ್ದ ತಕ್ಷಣ ಅದು ತಾನೇ ಧ್ವನಿ ತಗ್ಗಿಸುತ್ತದೆ, ಭಾಗವತರ ಆಲಾಪ ಮುಳುಗಿಹೋಗುತ್ತದೆ. ಭಾಗವತರು, ಮದ್ದಳೆ, ಚಂಡೆ, ವೇಷಧಾರಿಗಳ ಮೈಕು ಎಲ್ಲ ಬೇರೆ ಬೇರೆಯಾಗಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇರಲಿ. ಎಂಟು ಟ್ರ್ಯಾಕಿನಲ್ಲಿ ಎಂಟು ಗಂಟೆಗೆ ಸುಮಾರು 33 ಜಿಬಿ ಆಗುತ್ತದೆ, 64 ಜಿಬಿ ಕಾರ್ಡ್ ಒಂದು ಸಾಕು. ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲವಾದ್ದರಿಂದ, ತಾನಾಗಿ ಹೊಸ ಫೈಲ್ ತೆರೆಯುವ ರೆಕಾರ್ಡರೇ ಬೇಕು. ಇಲ್ಲವಾದರೆ ನಡುರಾತ್ರಿ ಮುದ್ರಣ ನಿಂತು ಯಾರಿಗೂ ಗೊತ್ತಾಗುವುದಿಲ್ಲ. ಚಂಡೆಯ ಏರಿಗೆ ಜಾಗ ಬಿಟ್ಟು ಮಟ್ಟವನ್ನು ಮೈನಸ್ 12 ಡೆಸಿಬೆಲ್ ಆಸುಪಾಸು ಇಡಬೇಕು. ದಿನಾಂಕ, ಊರು, ಪ್ರಸಂಗ, ಹಿಮ್ಮೇಳದ ಎಲ್ಲರ ಹೆಸರು ಫೈಲಿನ ಜೊತೆಗೇ ಹೋಗಬೇಕು. ಕದ್ದವರ ಬಳಿ ಇರುವುದು ಎಲ್ಲ ಬೆರೆತ ಒಂದು ಎಂಪಿ3. ಬಿಡಿ ಟ್ರ್ಯಾಕುಗಳು ಇರುವುದು ಮುದ್ರಿಸಿದವರ ಬಳಿ ಮಾತ್ರ. ಹಕ್ಕು ಯಾರದ್ದು ಎಂಬ ಪ್ರಶ್ನೆ ಬಂದಾಗ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮೇಳಗಳ ತಿರುಗಾಟ ನವೆಂಬರಿನ ಹೊತ್ತಿಗೆ ಹೊರಡುತ್ತದೆ. ಒಪ್ಪಂದದ ನಮೂನೆಯೂ ದೂರಿನ ನಮೂನೆಯೂ ಅಕ್ಟೋಬರಿನಲ್ಲೇ ಮೇಳದ ಯಜಮಾನರ ಕೈಸೇರುವಂತೆ ತಾವು ಆದೇಶ ಮಾಡಬೇಕು. ಎರಡರ ಕರಡನ್ನೂ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಭಾಗದ ಹಿಮ್ಮೇಳ ಕಲಾವಿದರು ಮತ್ತು ಧ್ವನಿಮುದ್ರಣಕಾರರು