ಅದು ಅಂತರಗಂಗೆಯಲ್ಲ

ಮಾನ್ಯ ಸಂಪಾದಕರೇ,

ಗಂಗಾವತಿ ಭಾಗದ ನೀರಿನಲ್ಲಿ ಹಬ್ಬಿರುವ ಕಳೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿ ಸಕಾಲಿಕವಾಗಿದೆ. ಆದರೆ ಚಿತ್ರದಲ್ಲಿ ನೇರಳೆ ಹೂವಿನ ಗಿಡವನ್ನು ತೋರಿಸಿ, ಅಡಿಬರಹದಲ್ಲಿ ಅದನ್ನು ‘ಅಂತರಗಂಗೆ’ ಎಂದಿರುವುದು ಸರಿಯಲ್ಲ. ನೀರಿನ ಮೇಲೆ ತೇಲುವ ಕಳೆಗೆಲ್ಲ ಜನ ಇದೇ ಹೆಸರು ಹೇಳುತ್ತಾರೆಂಬುದು ನಿಜ. ಪತ್ರಿಕೆ ಹಾಗೆ ಬರೆಯಬಾರದು.

ಪಿಸ್ಟಿಯಾ ಸ್ಟ್ರಾಟಿಯೋಟಿಸ್ ಎಂಬ ಶಾಸ್ತ್ರೀಯ ಹೆಸರಿನ ಅಂತರಗಂಗೆ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಬಿಚ್ಚಿದ ಎಲೆಕೋಸಿನಂತಿರುವ ಅದರ ಎಲೆಗಳ ಮೇಲೆ ಮಖಮಲ್ಲಿನಂಥ ರೋಮಗಳಿದ್ದು, ನೀರು ಚಿಮುಕಿಸಿದರೆ ಹನಿಯಾಗಿ ಉರುಳಿಹೋಗುತ್ತದೆ. ಹೂವಂತೂ ಎಲೆಗಳ ನಡುವೆ ಅಡಗಿರುವುದರಿಂದ ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ. ಚಿತ್ರದಲ್ಲಿರುವುದು ವಾಟರ್ ಹಯಸಿಂತ್. ಕಳೆದ ವಾರ ಕಾಲುವೆಯ ದಂಡೆಯಲ್ಲಿ ಒಂದನ್ನು ಎಳೆದು ನೋಡಿದೆ. ಎಲೆಯ ತೊಟ್ಟು ಗಾಳಿ ತುಂಬಿದ ಬುರುಡೆಯಂತೆ ಉಬ್ಬಿತ್ತು, ಕೆಳಗೆ ಕಪ್ಪು ಗರಿಯಂಥ ಬೇರು ಜೋತಿತ್ತು, ಹೂವಿನ ಆರು ದಳಗಳಲ್ಲಿ ಮೇಲಿನದೊಂದರಲ್ಲಿ ಮಾತ್ರ ನವಿಲುಗರಿಯ ಕಣ್ಣಿನಂತೆ ಹಳದಿ ಮಚ್ಚೆಯಿತ್ತು. ಈ ಚೆಲುವಿಗೆ ಮರುಳಾಗಿಯೇ ಜನ ಇದನ್ನು ಅಮೆಜಾನ್ ಸೀಮೆಯಿಂದ ಕೊಳದ ಅಲಂಕಾರಕ್ಕೆಂದು ದೇಶದೇಶಕ್ಕೆ ಒಯ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ಬಂದ ಗಿಡದ ಕಾಟ ಎಷ್ಟು ಬೆಳೆಯಿತೆಂದರೆ, 1936ರಲ್ಲಿ ಅಲ್ಲಿ ಇದರ ವಿರುದ್ಧ ಕಾಯ್ದೆಯನ್ನೇ ಮಾಡಬೇಕಾಯಿತು.

1823ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಮಾರ್ಟಿಯಸ್ ಈ ಹಯಸಿಂತನ್ನು ಪಾಂಟೆಡೀರಿಯಾ ಕ್ರಾಸಿಪಿಸ್ ಎಂದು ಹೆಸರಿಸಿದರು. 1883ರಲ್ಲಿ ಅದು ಐಕಾರ್ನಿಯಾ ಕುಲಕ್ಕೆ ಹೋಗಿ, 2018ರಲ್ಲಿ ಮರಳಿ ಪಾಂಟೆಡೀರಿಯಾಕ್ಕೇ ಬಂದಿದೆ. ಈ ಓಡಾಟವನ್ನು ಸಸ್ಯಶಾಸ್ತ್ರಜ್ಞರಿಗೇ ಬಿಡೋಣ. ಆದರೆ ಅಂತರಗಂಗೆ ಯಾವುದು, ಹಯಸಿಂತ್ ಯಾವುದು ಎಂಬುದು ರೈತನಿಗೂ ಬೇಕಾದ ವಿಷಯ. 1980ರ ದಶಕದಲ್ಲಿ ಬೆಂಗಳೂರಿನ ಸಮೀಪದ ಬೈರಮಂಗಲ ಕೆರೆಯಲ್ಲಿ ಕಳೆಯ ಹತೋಟಿಗೆಂದು ಬಿಟ್ಟ ನಿಯೋಕೆಟಿನಾ ಎಂಬ ಮೂತಿಹುಳು ಹಯಸಿಂತನ್ನು ಕೊರೆದು ತಿನ್ನುತ್ತದೆ, ಅಂತರಗಂಗೆಯ ಗೊಡವೆಗೆ ಹೋಗುವುದಿಲ್ಲ. ಅಂತರಗಂಗೆಯನ್ನು ತಿನ್ನುವ ಹುಳುವೇ ಬೇರೆ. ಗಿಡ ತಪ್ಪಾಗಿ ಗುರುತಾದರೆ ಹುಳು ತಂದು ಬಿಟ್ಟೂ ಪ್ರಯೋಜನವಿಲ್ಲ.

ಹಯಸಿಂತನ್ನು ಯಂತ್ರದಿಂದ ಎತ್ತಿದರೂ ತೊಂದರೆ ತಪ್ಪದು. ಎತ್ತಿದ ರಾಶಿಯನ್ನು ದಂಡೆಯಲ್ಲೇ ಬಿಟ್ಟಿದ್ದನ್ನು ನೋಡಿದ್ದೇನೆ. ಅದರಿಂದ ಒಂದು ಹಂಬು ನೀರಿಗೆ ಜಾರಿದರೂ ಸಾಕು, ಭತ್ತದ ಗದ್ದೆಗಳ ಗೊಬ್ಬರ ಬಸಿದು ಬರುವ ನಮ್ಮ ನೀರಿನಲ್ಲಿ ಎರಡು ವಾರದೊಳಗೆ ಅದು ಇಮ್ಮಡಿಯಾಗಬಲ್ಲದು. ಬೀಜವಂತೂ ಕೆಸರಿನಲ್ಲಿ 15–20 ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ಎತ್ತಿದ ಕಳೆಯನ್ನು ಎಲ್ಲಿ ಹಾಕುತ್ತಿದ್ದಾರೆ ಎಂಬುದನ್ನೂ ತಮ್ಮ ವರದಿಗಾರರು ಮುಂದಿನ ವರದಿಯಲ್ಲಿ ವಿಚಾರಿಸಬೇಕೆಂದು ಕೋರುತ್ತೇನೆ.

ತಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ